ಯುದ್ಧಕ್ಕೆ ಹೋದ ವ್ಯಾಪಾರಿ ಹಡಗಿನ ಸೇವಾ ಚರಿತ್ರೆಯನ್ನು ಬೆಂಗಳೂರಿನಿಂದಲೇ ಹುಡುಕುವ ಬಗೆ

ಬೆಂಗಳೂರಿಗೆ ಸಮುದ್ರವಿಲ್ಲ. ಆದರೂ ಈ ಊರಿನ ಹಳೆಯ ಮನೆಗಳ ಟ್ರಂಕುಗಳಲ್ಲಿ ಹಡಗಿನ ಹೆಸರು ಬರೆದಿರುವ ಕಾಗದಗಳು ಆಗಾಗ ಸಿಗುತ್ತವೆ. ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದ ಅಜ್ಜನ ಬಿಡುಗಡೆ ಪತ್ರ, 1914ರಲ್ಲಿ ಮೈಸೂರು ಲ್ಯಾನ್ಸರ್ಸ್ ಜೊತೆ ಈಜಿಪ್ಟಿಗೆ ಹೋದವರ ಪತ್ರ, ಕರಾವಳಿಯಿಂದ ಬೊಂಬಾಯಿಗೆ ಹೋಗಿ ಹಡಗಿನ ಕೆಲಸಕ್ಕೆ ಸೇರಿದ ಮುತ್ತಜ್ಜನ ಸೇವಾ ಚೀಟಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ಹೆಸರು ಗೀಚಿದ ಫೋಟೊ, ಹೀಗೆ. ಅಂಥ ಒಂದು ಹೆಸರನ್ನು ಹಿಡಿದುಕೊಂಡು, ಆ ಹಡಗು ಎಲ್ಲಿ ಕಟ್ಟಲ್ಪಟ್ಟಿತು, ಯಾವಾಗ ಸರ್ಕಾರದ ವಶಕ್ಕೆ ಹೋಯಿತು, ಯುದ್ಧದಲ್ಲಿ ಏನು ಮಾಡಿತು, ಕೊನೆಗೆ ಏನಾಯಿತು ಎಂಬುದನ್ನು ಆಧಾರಸಹಿತವಾಗಿ ಬರೆಯಲು ಬಯಸುವವರಿಗಾಗಿ ಈ ಮಾರ್ಗದರ್ಶಿ.

ಹುಡುಕುವವರು ಸಾಮಾನ್ಯವಾಗಿ ಹೆಸರಿನ ಬೆನ್ನು ಹತ್ತುತ್ತಾರೆ. ಬೆನ್ನು ಹತ್ತಬೇಕಾದದ್ದು ಅಧಿಕಾರವನ್ನು. ಅಂದರೆ, ಇಂಥ ದಿನಾಂಕದಂದು ಆ ಹಡಗು ಯಾರ ಆಜ್ಞೆಯಂತೆ ನಡೆಯುತ್ತಿತ್ತು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಸರ್ಕಾರಿ ನೌಕರನೊಬ್ಬ ನಿಯೋಜನೆಯ ಮೇಲೆ ಬೇರೆ ಇಲಾಖೆಗೆ ಹೋದಾಗ ಅವನ ಸೇವಾ ಪುಸ್ತಕ ಮಾತೃ ಇಲಾಖೆಯಲ್ಲೇ ಉಳಿದು, ದಿನನಿತ್ಯದ ಕಡತಗಳು ಹೊಸ ಇಲಾಖೆಯಲ್ಲಿ ಬೆಳೆಯುವ ಹಾಗೆ, ಯುದ್ಧಕ್ಕೆ ಹೋದ ವ್ಯಾಪಾರಿ ಹಡಗಿನ ದಾಖಲೆಗಳೂ ಎರಡು ಮೂರು ಕಡೆ ಹರಡಿಕೊಂಡಿರುತ್ತವೆ. ಕಂಪನಿಯ ಕಾಲದ್ದು ಒಂದು ಕಡೆ, ನೌಕಾಪಡೆಯ ಕಾಲದ್ದು ಇನ್ನೊಂದು ಕಡೆ, ಸೈನ್ಯವನ್ನು ಸಾಗಿಸಿದ ಕಾಲದ್ದು ಮತ್ತೊಂದು ಕಡೆ. ಆದ್ದರಿಂದ ಕೈ ಬದಲಾದ ದಿನಾಂಕಗಳು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಅವು ಗೊತ್ತಿಲ್ಲದೆ ಮಾಡಿದ ಹುಡುಕಾಟದಲ್ಲಿ ತಪ್ಪು ಪೆಟ್ಟಿಗೆಯನ್ನೇ ಮತ್ತೆ ಮತ್ತೆ ತೆರೆಯುತ್ತಿರುತ್ತೇವೆ.

ಯಾವ ಬಗೆಯ ಸೇವೆ ಎಂಬುದನ್ನು ಮೊದಲು ಗುರುತಿಸಿ

ಸರ್ಕಾರ ವಶಕ್ಕೆ ತೆಗೆದುಕೊಂಡ ಹಡಗುಗಳೆಲ್ಲ ಒಂದೇ ಬಗೆಯವಲ್ಲ. ಮೊದಲನೆಯ ಗುಂಪು ನೌಕಾಪಡೆಗೆ ವಿಧಿವತ್ತಾಗಿ ಸೇರ್ಪಡೆಯಾದ ಹಡಗುಗಳದು. ಇವು ಬಿಳಿಯ ನೌಕಾ ಧ್ವಜ ಹಾರಿಸಿದವು, ಇವುಗಳ ಹೆಸರಿಗೆ ಮೊದಲು ಬ್ರಿಟಿಷ್ ಪಡೆಯದಾದರೆ ಎಚ್‌ಎಂಎಸ್ ಎಂದೂ ಭಾರತದ ಪಡೆಯದಾದರೆ ಎಚ್‌ಎಂಐಎಸ್ ಎಂದೂ ಬರುತ್ತದೆ, ಕಮಾಂಡ್ ನೌಕಾ ಅಧಿಕಾರಿಯದು. ದೊಡ್ಡ ಪ್ರಯಾಣಿಕ ಹಡಗುಗಳಿಗೆ ಆರಿಂಚಿನ ಹಳೆಯ ತೋಪುಗಳನ್ನು ಕೂರಿಸಿ, ತೂತು ಬಿದ್ದರೂ ಬೇಗ ಮುಳುಗದಿರಲೆಂದು ಸರಕಿನ ಒಡಲಿಗೆ ಖಾಲಿ ಪೀಪಾಯಿಗಳನ್ನು ತುಂಬಿ, ಸಶಸ್ತ್ರ ವ್ಯಾಪಾರಿ ಕ್ರೂಸರ್ ಎಂದು ಕರೆದು ಗಸ್ತಿಗೂ ಬೆಂಗಾವಲಿಗೂ ಕಳಿಸಿದ್ದು ಈ ಗುಂಪಿನಲ್ಲೇ ಸೇರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ಇಂಥ 15 ಹಡಗುಗಳನ್ನು ಕಳೆದುಕೊಂಡಿತು. ರಕ್ಷಾಕವಚವಿಲ್ಲದ, ಎತ್ತರದ ಮೈಯ ಈ ಹಡಗುಗಳನ್ನು ನಿಜವಾದ ಯುದ್ಧನೌಕೆಗಳ ಎದುರು ನಿಲ್ಲಿಸಿದ್ದು ನಿರುಪಾಯದ ನಿರ್ಧಾರವೆಂದೇ ಹೇಳಬೇಕು. 1939ರ ನವೆಂಬರ್ 23ರಂದು ಐಸ್‌ಲ್ಯಾಂಡ್ ಮತ್ತು ಫೆರೋ ದ್ವೀಪಗಳ ನಡುವೆ ಶಾರ್ನ್‌ಹೋರ್ಸ್ಟ್, ಗ್ನೈಸೆನೌ ಎಂಬ ಎರಡು ಜರ್ಮನ್ ಯುದ್ಧನೌಕೆಗಳಿಗೆ ಒಂಟಿಯಾಗಿ ಎದುರಾದ ರಾವಲ್ಪಿಂಡಿ ಹಡಗು ಹೋರಾಡುತ್ತಲೇ ಮುಳುಗಿತು.

ಎರಡನೆಯ ಗುಂಪು ಬಾಡಿಗೆಯ ಮೇಲೆ ಸರ್ಕಾರದ ಕೆಲಸ ಮಾಡಿದ ಹಡಗುಗಳದು. ಸೈನಿಕರನ್ನು, ಕುದುರೆಗಳನ್ನು, ಕಲ್ಲಿದ್ದಲನ್ನು, ಮದ್ದುಗುಂಡನ್ನು ಸಾಗಿಸಿದ ಇವುಗಳಲ್ಲಿ ಕ್ಯಾಪ್ಟನ್ ಕಂಪನಿಯವನೇ, ಸಿಬ್ಬಂದಿಯೂ ಕಂಪನಿಯವರೇ. ಎಲ್ಲಿಗೆ ಹೋಗಬೇಕೆಂದು ಹೇಳುವುದು ಮಾತ್ರ ಸರ್ಕಾರ. ಕಾಗದಗಳಲ್ಲಿ ಇವುಗಳ ಹೆಸರಿಗೆ ಮೊದಲು ಎಚ್‌ಎಂಟಿ ಎಂಬ ಮೂರಕ್ಷರ ಕಂಡುಬರುತ್ತದೆ. ನಮ್ಮೂರಿನವರಿಗೆ ಅದನ್ನು ಓದಿದೊಡನೆ ಜಾಲಹಳ್ಳಿಯ ಗಡಿಯಾರ ನೆನಪಾಗುವುದು ಸಹಜವಾದರೂ ಇಲ್ಲಿ ಅದಕ್ಕೆ ಸೈನ್ಯ ಸಾಗಣೆಯ ಹಡಗು ಎಂದರ್ಥ. ಆದರೆ ನೌಕಾಪಡೆಯ ಟ್ರಾಲರ್ ದೋಣಿಗಳಿಗೂ ಇದೇ ಅಕ್ಷರಗಳು ಬಳಕೆಯಾಗಿದ್ದರಿಂದ, ಹಡಗಿನ ಗಾತ್ರ ನೋಡದೆ ತೀರ್ಮಾನಕ್ಕೆ ಬರಬೇಡಿ. ಮೂರನೆಯದು ಆಸ್ಪತ್ರೆ ಹಡಗು. ಬಿಳಿಯ ಬಣ್ಣ, ಹಸಿರು ಪಟ್ಟಿ, ಕೆಂಪು ಶಿಲುಬೆಗಳ ಈ ಹಡಗುಗಳ ಹೆಸರನ್ನು ಅಂತಾರಾಷ್ಟ್ರೀಯ ಒಪ್ಪಂದದಂತೆ ಶತ್ರುವಿಗೂ ತಿಳಿಸಬೇಕಾಗಿದ್ದುದರಿಂದ ಇವುಗಳ ಮಾಹಿತಿ ಹೋಲಿಕೆಯಲ್ಲಿ ಸುಲಭವಾಗಿ ಸಿಗುತ್ತದೆ. ಹೆಸರು ತಿಳಿಸಿದ್ದರಿಂದ ರಕ್ಷಣೆ ಸಿಕ್ಕೇ ಸಿಗುತ್ತಿತ್ತು ಎಂದಲ್ಲ. ಬ್ರಿಟಿಷ್ ಇಂಡಿಯಾ ಎಂಬ ಹಡಗು ಕಂಪನಿಯ ತಲಂಬಾ ಆಸ್ಪತ್ರೆ ಹಡಗು 1943ರ ಜುಲೈ 10ರಂದು ಸಿಸಿಲಿಯ ಬಳಿ ವಿಮಾನ ದಾಳಿಯಲ್ಲಿ ಮುಳುಗಿತು.

ಒಂದೇ ಹಡಗು ಒಂದೇ ಯುದ್ಧದಲ್ಲಿ ಈ ಗುಂಪುಗಳ ನಡುವೆ ಓಡಾಡಿರಬಹುದೆಂಬುದನ್ನು ನೆನಪಿಡಿ. 1939ರಲ್ಲಿ ಕ್ರೂಸರ್ ಆಗಿದ್ದ ಹಲವು ಹಡಗುಗಳು ಯುದ್ಧದ ನಡುವಿನಲ್ಲಿ ತೋಪು ಇಳಿಸಿ ಸೈನ್ಯ ಸಾಗಣೆಗೆ ಹೋದವು. ಅಂಥ ಹಡಗಿನ ಎಚ್‌ಎಂಎಸ್ ಕಡತ ಇದ್ದಕ್ಕಿದ್ದಂತೆ ನಿಂತುಹೋದರೆ ಹಡಗು ಮುಳುಗಿತೆಂದು ಭಾವಿಸಬೇಕಾಗಿಲ್ಲ.

ಹೆಸರಲ್ಲ, ಸಂಖ್ಯೆ

ಒಂದೇ ಹೆಸರಿನ ಹಡಗುಗಳು ಏಕಕಾಲದಲ್ಲಿ ಹಲವಿದ್ದವು. ಒಂದೇ ಹಡಗು ಮಾಲೀಕರು ಬದಲಾದಂತೆ ಹೆಸರನ್ನೂ ಬದಲಾಯಿಸಿತು. ಬದಲಾಗದಿರುವುದು ಅಧಿಕೃತ ಸಂಖ್ಯೆ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ನೋಂದಾಯಿಸಿದ ಪ್ರತಿಯೊಂದು ವ್ಯಾಪಾರಿ ಹಡಗಿಗೂ, ಅದು ಲಂಡನ್ನಿನಲ್ಲಿ ನೋಂದಣಿಯಾಗಿರಲಿ ಬೊಂಬಾಯಿಯಲ್ಲಾಗಿರಲಿ, 1854ರ ಕಾಯಿದೆಯ ನಂತರ ಒಂದು ಸಂಖ್ಯೆ ಸಿಕ್ಕಿತು. ಆ ಸಂಖ್ಯೆಯನ್ನು ಪತ್ತೆ ಹಚ್ಚಿದ ಮೇಲೆ ಮುಂದಿನ ಪ್ರತಿ ದಾಖಲೆಯನ್ನೂ ಅದರೊಂದಿಗೆ ತಾಳೆ ನೋಡಿ. ಯುದ್ಧನೌಕೆಗಳಿಗೆ ಈ ಸಂಖ್ಯೆ ಇರಲಿಲ್ಲ. ಅವುಗಳ ಮೈಮೇಲಿನ ಅಕ್ಷರ ಮತ್ತು ಅಂಕಿ ನೌಕಾಪಡೆಯ ಬೇರೆಯೇ ಗುರುತು.

ಸಂಖ್ಯೆ ಸಿಗುವ ಒಳ್ಳೆಯ ಸ್ಥಳ ಲಾಯ್ಡ್ಸ್ ರಿಜಿಸ್ಟರ್ ಎಂಬ ವಾರ್ಷಿಕ ಗ್ರಂಥ. 1930ರಿಂದ 1945ರವರೆಗಿನ ಸಂಪುಟಗಳ ಪುಟಗಳು ಪ್ಲಿಮ್ಸಾಲ್ ಹಡಗು ದತ್ತಾಂಶ ಎಂಬ ಹೆಸರಿನಲ್ಲಿ ಅಂತರ್ಜಾಲದಲ್ಲಿವೆ. ಮೊದಲ ಸಲ ಈ ಪುಟವನ್ನು ನೋಡಿದವರಿಗೆ ಅದು ಇರುವೆ ಸಾಲಿನಷ್ಟು ಸಣ್ಣ ಅಕ್ಷರಗಳ ಗೋಜಲಾಗಿ ಕಾಣುತ್ತದೆ; ಆದರೆ ಎಡದಿಂದ ಬಲಕ್ಕೆ ತಾಳ್ಮೆಯಿಂದ ಓದಿದರೆ ಒಂದೇ ಸಾಲಿನಲ್ಲಿ ಹಡಗಿನ ಜಾತಕವೆಲ್ಲ ಇದೆ. ಎಡತುದಿಯಲ್ಲಿ ಅಧಿಕೃತ ಸಂಖ್ಯೆ, ಕರೆ ಸಂಕೇತ, ಹೆಸರು, ಹಿಂದಿನ ಹೆಸರಿದ್ದರೆ ಅದು, ನಂತರ ಟನ್ನುಗಳು, ಕಟ್ಟಿದ ವರ್ಷ ಮತ್ತು ಕಾರ್ಖಾನೆ, ಮಾಲೀಕರು, ಉದ್ದಗಲ, ನೋಂದಣಿಯ ಬಂದರು, ಬಲತುದಿಯಲ್ಲಿ ಯಂತ್ರ. ಯಂತ್ರದ ಕಲಮಿನಲ್ಲಿ ಟಿ.3ಸಿವೈ. ಎಂದಿದ್ದರೆ ಹಬೆ ಮೂರು ಸಿಲಿಂಡರುಗಳಲ್ಲಿ ಮೂರು ಹಂತವಾಗಿ ಹಿಗ್ಗುವ ಉಗಿಯಂತ್ರ ಎಂದು ತಿಳಿಯಬೇಕು. ಅದರ ಪಕ್ಕದ ಅಂಕಿಗಳು ಸಿಲಿಂಡರುಗಳ ವ್ಯಾಸವನ್ನೂ ಪಿಸ್ಟನ್ನಿನ ಓಟವನ್ನೂ ಇಂಚುಗಳಲ್ಲಿ ಹೇಳುತ್ತವೆ.

ಟನ್ನಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ವ್ಯಾಪಾರಿ ಹಡಗಿನ ಗ್ರಾಸ್ ಟನ್ ತೂಕವಲ್ಲ; ಅದು ಒಳಜಾಗದ ಅಳತೆ, ನೂರು ಘನ ಅಡಿಗೆ ಒಂದು ಟನ್. ನೌಕಾಪಡೆ ಬರೆಯುವುದು ಹಡಗು ತಳ್ಳುವ ನೀರಿನ ತೂಕವನ್ನು. ಒಂದು ಕಡೆ 16,000, ಇನ್ನೊಂದು ಕಡೆ ಬೇರೆಯೇ ಅಂಕಿ ಕಂಡರೆ ಅವು ಎರಡು ಹಡಗುಗಳೆಂದು ಗಾಬರಿಯಾಗಬೇಕಿಲ್ಲ, ಎರಡನ್ನೂ ಕೂಡಿಸಿ ಭಾಗಿಸುವ ಸಾಹಸವೂ ಬೇಡ.

ರಾಜಪೂತಾನಾ ಹಡಗಿನ ಉದಾಹರಣೆ

ಈ ಕ್ರಮ ಹೇಗೆ ನಡೆಯುತ್ತದೆಂಬುದಕ್ಕೆ ನಮ್ಮವರಿಗೆ ಬೇರೆ ಕಾರಣಕ್ಕೆ ಪರಿಚಿತವಾದ ಹಡಗನ್ನೇ ನೋಡೋಣ. ದುಂಡುಮೇಜಿನ ಪರಿಷತ್ತಿಗೆಂದು 1931ರ ಆಗಸ್ಟ್ 29ರಂದು ಗಾಂಧೀಜಿ ಬೊಂಬಾಯಿಯಲ್ಲಿ ಹತ್ತಿದ ಹಡಗು ಪಿ ಅಂಡ್ ಓ ಎಂಬ ಬ್ರಿಟಿಷ್ ಹಡಗು ಕಂಪನಿಯ ರಾಜಪೂತಾನಾ. ಸ್ಕಾಟ್‌ಲ್ಯಾಂಡಿನ ಗ್ರೀನಕ್‌ನಲ್ಲಿ ಹಾರ್ಲಂಡ್ ಅಂಡ್ ವುಲ್ಫ್ ಕಾರ್ಖಾನೆ ಅದನ್ನು ಕಟ್ಟಿದ್ದು 1925ರಲ್ಲಿ. ರಾಂಚಿ, ರಾಣ್‌ಪುರ, ರಾವಲ್ಪಿಂಡಿ ಅದರ ಜೊತೆಯ ಹಡಗುಗಳು. ನಾಲ್ಕೂ ಇಂಗ್ಲೆಂಡ್ ಮತ್ತು ಭಾರತದ ನಡುವೆ ಟಪಾಲು, ಪ್ರಯಾಣಿಕರನ್ನು ಒಯ್ದವು, ನಾಲ್ಕೂ 1939ರಲ್ಲಿ ನೌಕಾಪಡೆಗೆ ಸೇರಿದವು.

ರಾಜಪೂತಾನಾದ ಮೊದಲ ಭಾಗ, ಅಂದರೆ 1925ರಿಂದ 1939ರವರೆಗಿನದು, ಕಂಪನಿಯ ಕಾಲ. ಇದಕ್ಕೆ ಲಾಯ್ಡ್ಸ್ ರಿಜಿಸ್ಟರ್, ಪ್ರಯಾಣಿಕರ ಪಟ್ಟಿಗಳು ಮತ್ತು ಪತ್ರಿಕೆಗಳ ಹಡಗು ಸಂಚಾರದ ಅಂಕಣ ಸಾಕು. ಮುಂಬಯಿ, ಮದರಾಸಿನ ಪತ್ರಿಕೆಗಳು ಹಡಗು ಬಂದ ಹೋದ ದಿನಗಳನ್ನು ಅಚ್ಚುಕಟ್ಟಾಗಿ ಮುದ್ರಿಸುತ್ತಿದ್ದವು. ಎರಡನೆಯ ಭಾಗ ನೌಕಾಪಡೆಯ ಕಾಲ: ಎಂಟು ಆರಿಂಚಿನ ತೋಪುಗಳನ್ನು ಹೊತ್ತು 1939ರ ಡಿಸೆಂಬರಿನಲ್ಲಿ ಸೇರ್ಪಡೆಯಾಗಿ, ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಬೆಂಗಾವಲಿನ ಕೆಲಸ ಮಾಡಿ, 1941ರ ಏಪ್ರಿಲ್ 13ರಂದು ಐಸ್‌ಲ್ಯಾಂಡಿನ ಪಶ್ಚಿಮಕ್ಕೆ ಯು-108 ಎಂಬ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊಗಳಿಗೆ ಬಲಿಯಾಯಿತು. ಮುಳುಗಲು ಒಂದು ಗಂಟೆಗಿಂತ ಹೆಚ್ಚು ಕಾಲ ಹಿಡಿದಿದ್ದರಿಂದ ಹೆಚ್ಚಿನವರು ಬದುಕಿದರು. ಅವರನ್ನು ಎತ್ತಿಕೊಂಡದ್ದು ಲೀಜನ್ ಎಂಬ ವಿನಾಶಕ ನೌಕೆ. ಈ ಭಾಗಕ್ಕೆ ಕಂಪನಿಯ ಕಾಗದಗಳನ್ನು ತಡಕಿ ಪ್ರಯೋಜನವಿಲ್ಲ. ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಎಡಿಎಂ ಗುಚ್ಛಗಳನ್ನು, ಅಂದರೆ ನೌಕಾ ಇಲಾಖೆಯ ಕಡತಗಳ ಸಾಲುಗಳನ್ನು, ನೋಡಬೇಕು. ಎಡಿಎಂ 53 ಹಡಗುಗಳ ಲಾಗ್ ಪುಸ್ತಕಗಳದು, ಅಂದರೆ ಹಡಗಿನ ದಿನಚರಿಗಳದು, ಎಡಿಎಂ 199 ಎರಡನೆಯ ಯುದ್ಧದ ಕಾರ್ಯಾಚರಣೆಯ ಕಡತಗಳದು, ಎಡಿಎಂ 137 ಮೊದಲನೆಯ ಯುದ್ಧದ್ದು. ಸೂಚಿಯನ್ನು ಮನೆಯಿಂದಲೇ ಹುಡುಕಬಹುದು, ಬೇಕಾದ ಪುಟಗಳ ಪ್ರತಿಗೆ ಹಣ ಕಟ್ಟಬೇಕಾಗುತ್ತದೆ. ಕಟ್ಟುವ ಮೊದಲು ತಿಂಗಳು ವರ್ಷ ಖಚಿತಪಡಿಸಿಕೊಂಡರೆ ಖರ್ಚು ಹಿಡಿತದಲ್ಲಿರುತ್ತದೆ.

ಭಾರತೀಯ ಕುಟುಂಬಗಳು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಇಂಥ ಹಡಗುಗಳಲ್ಲಿ ಕಲ್ಲಿದ್ದಲು, ಡೆಕ್ಕು, ಊಟದ ಕೋಣೆಯ ಕೆಲಸಗಳಲ್ಲಿ ಸಾರಂಗನ, ಅಂದರೆ ಭಾರತೀಯ ನಾವಿಕರ ಮೇಸ್ತ್ರಿಯ, ಕೈಕೆಳಗೆ ದುಡಿಯುತ್ತಿದ್ದವರು ಭಾರತೀಯರು. ಹಡಗು ನೌಕಾಪಡೆಗೆ ಸೇರಿದಾಗ ಅವರನ್ನು ಅನೇಕ ಸಲ ಲೆಕ್ಕ ತೀರಿಸಿ ಕಳಿಸಿ, ಟಿ.124 ಎಂಬ ಕರಾರಿನಂತೆ ನೌಕಾ ಶಿಸ್ತಿಗೆ ಒಳಪಡಲು ಒಪ್ಪಿದ ಬೇರೆ ನಾವಿಕರನ್ನು ತೆಗೆದುಕೊಳ್ಳಲಾಯಿತು. ಆದ್ದರಿಂದ ಅಜ್ಜ ಇಂಥ ಹಡಗಿನಲ್ಲಿದ್ದರು, ಆ ಹಡಗು ಇಂಥ ಕದನದಲ್ಲಿ ಮುಳುಗಿತು, ಹಾಗಾಗಿ ಅಜ್ಜ ಆ ಕದನದಲ್ಲಿದ್ದರು ಎಂಬ ತರ್ಕ ನಿಲ್ಲುವುದಿಲ್ಲ. ಅವರ ಸೇವಾ ಚೀಟಿಯಲ್ಲಿ ಹಡಗು ಇಳಿದ ದಿನಾಂಕ ಯಾವುದೆಂದು ನೋಡಿ, ಅದನ್ನು ಹಡಗು ಕೈ ಬದಲಾದ ದಿನಾಂಕದ ಪಕ್ಕದಲ್ಲಿಡಿ.

ಫೋಟೊಗಳಿಗೂ ಇದೇ ವಿಧಾನ ಸಲ್ಲುತ್ತದೆ. ಹಿಂಬದಿಯ ಡೆಕ್ಕಿನಲ್ಲಿ ತೋಪಿನ ಕಟ್ಟೆ ಇದೆಯೇ, ಬಿಸಿಲಿಗೆ ಕಟ್ಟುತ್ತಿದ್ದ ಮೇಲ್ಕಟ್ಟು ಇದೆಯೇ, ಮೈಯೆಲ್ಲ ಒಂದೇ ಬೂದುಬಣ್ಣವೇ ಎಂದು ಭೂತಗನ್ನಡಿ ಹಿಡಿದು ನೋಡಿ. ಹೊಗೆಕೊಳವೆಗಳನ್ನು ಎಣಿಸಿ. ಕೆಲವು ಹಡಗುಗಳಲ್ಲಿ ಅಂದಕ್ಕೆಂದು ಇಟ್ಟಿದ್ದ ಹುಸಿ ಹೊಗೆಕೊಳವೆಯನ್ನು ಯುದ್ಧಕಾಲದಲ್ಲಿ ತೆಗೆದುಹಾಕಿದರು. ಮೂರು ಹೊಗೆಕೊಳವೆಗಳ ಕ್ವೀನ್ ಆಫ್ ಬರ್ಮುಡಾ ಯುದ್ಧದಲ್ಲಿ ಎರಡರೊಂದಿಗೆ ಓಡಾಡಿ, ಯುದ್ಧ ಮುಗಿದ ಮೇಲೆ ಮತ್ತೆ ಮೂರನ್ನು ಪಡೆಯಿತು.

ಸೈನ್ಯ ಸಾಗಣೆಯ ಹಡಗಾದರೆ

ಬೆಂಗಳೂರಿನ ಮಟ್ಟಿಗೆ ಹೆಚ್ಚು ಜನರಿಗೆ ಬೇಕಾಗುವುದು ಈ ಭಾಗ. ಇಲ್ಲಿ ಹಡಗಿನ ಕಡೆಯಿಂದ ಹುಡುಕುವುದಕ್ಕಿಂತ ಅದರಲ್ಲಿ ಹೋದ ಪಡೆಯ ಕಡೆಯಿಂದ ಹುಡುಕುವುದೇ ಜಾಣತನ. ಪ್ರತಿ ಪಡೆಯೂ ಯುದ್ಧ ದಿನಚರಿಯನ್ನು ಬರೆದಿಡುತ್ತಿತ್ತು; ಯಾವ ದಿನ ರೈಲು ಹತ್ತಿದರು, ಯಾವ ಬಂದರಿನಲ್ಲಿ ಯಾವ ಹಡಗು ಹತ್ತಿದರು, ಎಲ್ಲಿ ಇಳಿದರು ಎಂಬುದು ಅದರ ಮೊದಲ ಪುಟಗಳಲ್ಲೇ ಇರುತ್ತದೆ. ಮೊದಲನೆಯ ಯುದ್ಧದ ದಿನಚರಿಗಳು ಕ್ಯೂ ಪತ್ರಾಗಾರದ ಡಬ್ಲ್ಯುಒ 95 ಗುಚ್ಛದಲ್ಲಿದ್ದು, ಭಾರತೀಯ ಪಡೆಗಳದೂ ಅಲ್ಲಿವೆ. ಮನೆಯವರಿಗೆ ಪಡೆಯ ಹೆಸರೇ ಮರೆತಿದ್ದರೆ ಬ್ರಿಗೇಡ್ ರಸ್ತೆಯ ತುದಿಯಲ್ಲಿರುವ ಪಯೋನಿಯರ್ (ರಸ್ತೆ, ಕಂದಕಗಳ ಕೆಲಸವನ್ನೂ ಮಾಡುತ್ತಿದ್ದ ಕಾಲಾಳು) ಪಡೆಗಳ ಸ್ಮಾರಕದ ಬಳಿ ಒಮ್ಮೆ ನಿಂತು ಓದಿ. ವಾಹನಗಳ ಗದ್ದಲದಲ್ಲಿ ಯಾರೂ ತಲೆಯೆತ್ತಿ ನೋಡದ ಆ ಕಲ್ಲಿನಲ್ಲಿ ಹುಡುಕಾಟಕ್ಕೆ ಬೇಕಾದ ಪಡೆಯ ಹೆಸರುಗಳಿವೆ. ಬೆಂಗಳೂರಿಗೆ ನಂಟಿದ್ದ 61ನೆಯ ಪಯೋನಿಯರ್ಸ್ 1914ರ ನವೆಂಬರಿನಲ್ಲಿ ಪೂರ್ವ ಆಫ್ರಿಕಾದ ಟಾಂಗಾದಲ್ಲಿ ಇಳಿದ ಪಡೆಗಳಲ್ಲೊಂದು. ಬೊಂಬಾಯಿಯಿಂದ ಹೊರಟ ಆ ಹಡಗುಗಳ ಗುಂಪಿನಲ್ಲಿ ಸೈನ್ಯವನ್ನು ಹೊತ್ತವು ಬಾಡಿಗೆಗೆ ಹಿಡಿದ ವ್ಯಾಪಾರಿ ಹಡಗುಗಳು.

ಎರಡನೆಯ ಯುದ್ಧದಲ್ಲಿ ಹಡಗುಗಳು ಹೋದದ್ದು ಕಾನ್ವಾಯ್‌ಗಳಲ್ಲಿ, ಅಂದರೆ ಬೆಂಗಾವಲಿನೊಡನೆ ಸಾಗುವ ಗುಂಪುಗಳಲ್ಲಿ. ಒಂದೊಂದು ಮಾರ್ಗಕ್ಕೂ ಸಂಕೇತಾಕ್ಷರ, ಒಂದೊಂದು ಯಾನಕ್ಕೂ ಕ್ರಮಸಂಖ್ಯೆ. ಬಿಎಂ ಎಂದರೆ ಬೊಂಬಾಯಿಯಿಂದ ಮಲಯದ ಕಡೆಗೆ, ಎಚ್‌ಎಕ್ಸ್ ಎಂದರೆ ಹ್ಯಾಲಿಫ್ಯಾಕ್ಸ್‌ನಿಂದ ಬ್ರಿಟನ್ನಿಗೆ. ಕಾನ್ವಾಯ್‌ವೆಬ್ ಎಂಬ ಜಾಲತಾಣದಲ್ಲಿ ಹಡಗಿನ ಹೆಸರು ಹಾಕಿದರೆ ಅದರ ಬಂದರಿನಿಂದ ಬಂದರಿಗಿನ ಯಾನಗಳು ದಿನಾಂಕದೊಂದಿಗೆ ಸಿಗುತ್ತವೆ. ಕ್ಯೂನ ಬಿಟಿ 389 ಗುಚ್ಛದ ಸಂಚಾರ ಕಾರ್ಡುಗಳು ಇದಕ್ಕೆ ಒಳ್ಳೆಯ ಜೊತೆ.

ಯುದ್ಧಕಾಲದ ಪತ್ರಿಕೆಗಳಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಸೆನ್ಸಾರಿನ ಕಾರಣದಿಂದ ಹಡಗಿನ ಹೆಸರಾಗಲಿ ಬಂದರಿನ ಹೆಸರಾಗಲಿ ಬರುತ್ತಿರಲಿಲ್ಲ. ಭಾರತದ ಒಂದು ಬಂದರು ಎಂಬಷ್ಟೇ ಇರುತ್ತಿತ್ತು. ಬ್ರಿಟಿಷ್ ಇಂಡಿಯಾ ಕಂಪನಿಯ ರೋಹ್ನಾ ಹಡಗು 1943ರ ನವೆಂಬರ್ 26ರಂದು ಅಲ್ಜೀರಿಯದ ಕರಾವಳಿಯಾಚೆ ಜರ್ಮನ್ ವಿಮಾನ ಬಿಟ್ಟ ನಿಯಂತ್ರಿತ ಬಾಂಬಿಗೆ ಸಿಕ್ಕಿ, ಹೆಚ್ಚಾಗಿ ಅಮೆರಿಕನ್ ಸೈನಿಕರೇ ಇದ್ದ 1,100ಕ್ಕೂ ಹೆಚ್ಚು ಜನ ಸತ್ತರು. ಸಿಬ್ಬಂದಿಯಲ್ಲಿ ಬಹುಪಾಲು ಭಾರತೀಯರಿದ್ದರು. ಆ ವಿವರವನ್ನು ಅಮೆರಿಕ ದೀರ್ಘಕಾಲ ಗೋಪ್ಯವಾಗಿಟ್ಟಿತು. ಇಂಥ ಕಡೆಗಳಲ್ಲಿ ಪತ್ರಿಕೆಯ ಮೌನವನ್ನು ಸಾಕ್ಷ್ಯವೆಂದು ಎಣಿಸಬಾರದು. ಶಾಂತಿಕಾಲದ ಸಂಚಾರಕ್ಕೆ ಮಾತ್ರ ಆಸ್ಟ್ರೇಲಿಯದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್ ಎಂಬ ಉಚಿತ ಪತ್ರಿಕಾ ಸಂಗ್ರಹಗಳು ಅಮೂಲ್ಯ. ಭಾರತಕ್ಕೆ ಬರುತ್ತಿದ್ದ ಕಂಪನಿಗಳ ಎಷ್ಟೋ ಹಡಗುಗಳು ಆ ಬಂದರುಗಳಿಗೂ ಹೋಗುತ್ತಿದ್ದವು.

ನಮ್ಮ ಕರಾವಳಿಯ ಸಣ್ಣ ಹಡಗುಗಳು

ರಾಯಲ್ ಇಂಡಿಯನ್ ನೇವಿ ಎರಡನೆಯ ಯುದ್ಧದ ಆರಂಭದಲ್ಲಿ ಬಹಳ ಚಿಕ್ಕ ಪಡೆ. ಆದ್ದರಿಂದ ಪಶ್ಚಿಮ ಕರಾವಳಿಯಲ್ಲಿ ಜನರನ್ನೂ ಸರಕನ್ನೂ ಸಾಗಿಸುತ್ತಿದ್ದ ಸಣ್ಣ ಉಗಿಹಡಗುಗಳನ್ನು ತೆಗೆದುಕೊಂಡು, ತೋಪು ಕೂರಿಸಿ, ಗಸ್ತಿಗೂ ಸಮುದ್ರದಲ್ಲಿ ಶತ್ರು ಇಟ್ಟ ಸಿಡಿಮದ್ದು ತೆಗೆಯುವುದಕ್ಕೂ ಹಾಕಿತು. ಅವುಗಳಲ್ಲಿ ಪಾರ್ವತಿ 1941ರ ಏಪ್ರಿಲಿನಲ್ಲಿ ಕೆಂಪು ಸಮುದ್ರದ ಅಸಬ್ ಬಳಿ ನೀರಿನೊಳಗಿನ ಸಿಡಿಮದ್ದಿಗೆ ತಗಲಿ ಮುಳುಗಿತು. ಪ್ರಭಾವತಿಯ ಕಥೆ ಇನ್ನೂ ದುರದೃಷ್ಟದ್ದು. 1941ರ ಡಿಸೆಂಬರಿನಲ್ಲಿ, ಜಪಾನ್ ಯುದ್ಧಕ್ಕಿಳಿದ ಆ ದಿನಗಳ ಆತಂಕದಲ್ಲಿ, ಲಕ್ಷದ್ವೀಪದ ಸಮೀಪ ಹೋಗುತ್ತಿದ್ದ ಅದನ್ನು ಬ್ರಿಟಿಷ್ ಕ್ರೂಸರ್ ಗ್ಲಾಸ್ಗೋ ನೀರ ಮೇಲೆದ್ದ ಜಪಾನಿ ಜಲಾಂತರ್ಗಾಮಿ ಎಂದು ತಪ್ಪಾಗಿ ಗ್ರಹಿಸಿ ಗುಂಡಿಟ್ಟು ಮುಳುಗಿಸಿತು. ಈ ಘಟನೆಗೆ ಕೆಲವು ಪಟ್ಟಿಗಳು 8ನೆಯ ತಾರೀಖನ್ನೂ ಕೆಲವು 9ನೆಯ ತಾರೀಖನ್ನೂ ಕೊಡುತ್ತವೆ. ಇಂಥಲ್ಲಿ ಇಷ್ಟವಾದದ್ದನ್ನು ಆರಿಸಿಕೊಳ್ಳದೆ ಎರಡನ್ನೂ ಬರೆದು, ಗ್ಲಾಸ್ಗೋದ ಲಾಗ್ ಪುಸ್ತಕ ಯಾವ ಸಮಯವಲಯದಲ್ಲಿ ಬರೆದಿದೆ ಎಂದು ಪರಿಶೀಲಿಸುವುದು ಸರಿಯಾದ ದಾರಿ. ಬೆಂಗಾವಲು ವರದಿಗಳು ಗ್ರೀನಿಚ್ ಸಮಯದಲ್ಲೂ ಹಡಗಿನ ಲಾಗ್ ಸ್ಥಳೀಯ ಸಮಯದಲ್ಲೂ ಇರಬಹುದಾದ್ದರಿಂದ ನಮ್ಮ ಭಾಗದ ಸಮುದ್ರದಲ್ಲಿ ಐದಾರು ಗಂಟೆಯ ಅಂತರ ತಾರೀಖನ್ನೇ ಬದಲಿಸಿಬಿಡುತ್ತದೆ.

ಭಾರತದ ಪಡೆಯ ಹಡಗುಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರವೇ ಮುಖ್ಯ ನೆಲೆ. ಅದರ ಅಭಿಲೇಖ ಪಟಲ ಎಂಬ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡು ಕಡತಗಳ ಸೂಚಿಯನ್ನು ಹುಡುಕಬಹುದು. ಹಡಗಿನ ಹೆಸರನ್ನಷ್ಟೇ ಹಾಕಿ ಬಿಟ್ಟುಬಿಡಬೇಡಿ. ಕಂಪನಿಯ ಹೆಸರು, ಬಂದರು, ಬಾಡಿಗೆ, ಪರಿಹಾರ ಇಂಥ ಪದಗಳಿಂದಲೂ ಹುಡುಕಿ. ಯುದ್ಧಗಳ ಕಥೆಗಿಂತ ಹಣದ ತಕರಾರುಗಳು ಹೆಚ್ಚು ಕಾಗದವನ್ನು ಹುಟ್ಟಿಸಿವೆ, ಹಡಗು ವಶಕ್ಕೆ ಹೋದ ದಿನವೂ ಹಿಂದಿರುಗಿದ ದಿನವೂ ಕರಾರುವಾಕ್ಕಾಗಿ ಸಿಗುವುದು ಅಂಥ ಕಡತಗಳಲ್ಲೇ.

ಊರೊಳಗಿನ ನೆಲೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ ಮತ್ತು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯದಲ್ಲಿ ಹಳೆಯ ಪುಸ್ತಕ, ಪತ್ರಿಕೆಗಳನ್ನು ವಿಚಾರಿಸಬಹುದು. ಮೈಸೂರು ಸಂಸ್ಥಾನದ ಪಡೆಗಳ ವಿಷಯವಾದರೆ ರಾಜ್ಯ ಪತ್ರಾಗಾರವನ್ನು ಬಿಡಬಾರದು. ಹೋಗುವ ಮೊದಲು ಪಡೆಯ ಹೆಸರು, ವರ್ಷ, ಹಡಗಿನ ಹೆಸರಿನ ಇಂಗ್ಲಿಷ್ ಕಾಗುಣಿತ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದರೆ ಅಲ್ಲಿನ ಸಿಬ್ಬಂದಿಗೂ ನೆರವಾಗಲು ಸುಲಭ.

ಸಿಕ್ಕಿದ್ದನ್ನು ಬರೆದಿಡುವಾಗ ನಾಲ್ಕು ಕಲಮುಗಳ ಒಂದು ಸರಳ ಪಟ್ಟಿ ಸಾಕು: ದಿನಾಂಕ, ಸ್ಥಳ, ಯಾರ ಅಧೀನ, ಯಾವ ದಾಖಲೆ. ಮೂರನೆಯ ಕಲಮು ಖಾಲಿ ಉಳಿದ ಸಾಲುಗಳೇ ಮುಂದಿನ ಹುಡುಕಾಟದ ಸಾಲುಗಳು. ಹಡಗಿನ ಅಂತ್ಯದ ಸಾಲಿನಲ್ಲಿ ಮುಳುಗಿದ ದಿನವನ್ನೂ ನೋಂದಣಿ ಮುಚ್ಚಿದ ದಿನವನ್ನೂ ಬೇರೆ ಬೇರೆಯಾಗಿ ಬರೆಯಿರಿ, ಏಕೆಂದರೆ ಮುಚ್ಚಿದ ನೋಂದಣಿಗಳ ಬಿಟಿ 110 ಗುಚ್ಛದಲ್ಲಿ ಕಾಣುವ ದಿನಾಂಕ ಗುಮಾಸ್ತರು ಆ ನಮೂದನ್ನು ಬರೆದ ದಿನದ್ದು.

ಕೊನೆಯದಾಗಿ ಜನ. ಸತ್ತ ಭಾರತೀಯ ನಾವಿಕರ ಹೆಸರುಗಳು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿವೆ. ಮೊದಲನೆಯ ಯುದ್ಧದ 2,000ಕ್ಕೂ ಹೆಚ್ಚು ನಾವಿಕರಿಗೆ ಮುಂಬಯಿಯ ಮಸ್ಜಿದ್ ಬಂದರ್ ಪ್ರದೇಶದ ನಾವಿಕರ ಭವನದಲ್ಲಿ ಸ್ಮಾರಕವಿದೆ. ಎರಡನೆಯ ಯುದ್ಧದವರ ಹೆಸರುಗಳನ್ನು ಮುಂಬಯಿ ಮತ್ತು ಚಿತ್ತಗಾಂಗ್‌ಗಳಲ್ಲಿ ಪುಸ್ತಕರೂಪದಲ್ಲಿ ಇಟ್ಟಿದ್ದಾರೆ. ಇಲ್ಲಿ ವ್ಯಕ್ತಿಯ ಹೆಸರಿನಿಂದ ಹುಡುಕಿದರೆ ಸಿಗದಿರುವ ಸಂಭವವೇ ಹೆಚ್ಚು, ಏಕೆಂದರೆ ನಮ್ಮ ಹೆಸರುಗಳನ್ನು ಹಡಗಿನ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾನೆ. ಒಬ್ಬನೇ ಮನುಷ್ಯ ಎರಡು ಪಟ್ಟಿಗಳಲ್ಲಿ ಎರಡು ಕಾಗುಣಿತಗಳಲ್ಲಿ ಕಂಡುಬರುತ್ತಾನೆ. ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಹಡಗಿನ ಹೆಸರನ್ನು ಹಾಕಿ, ಸೇವೆಯ ವಿಭಾಗದಲ್ಲಿ ಇಂಡಿಯನ್ ಮರ್ಚೆಂಟ್ ನೇವಿ ಎಂಬುದನ್ನು ಆರಿಸಿ, ಬರುವ ಪಟ್ಟಿಯನ್ನು ಸಾಲುಸಾಲಾಗಿ ಓದಿ. ಕರಾವಳಿಯವರಾದರೆ ಊರಿನ ಹೆಸರಿನ ಜೊತೆ ಸೌತ್ ಕೆನರಾ, ನಾರ್ತ್ ಕೆನರಾ ಎಂಬ ಹಳೆಯ ಜಿಲ್ಲೆಗಳ ಹೆಸರನ್ನೂ ಹಾಕಿ ನೋಡಿ. ಮೊದಲನೆಯದನ್ನು ಮದ್ರಾಸಿನ ಅಡಿಯಲ್ಲಿ, ಎರಡನೆಯದನ್ನು ಬೊಂಬಾಯಿಯ ಅಡಿಯಲ್ಲಿ ಹುಡುಕಬೇಕು.